ಯಾರೂ ನೆಡದ ಹೂವು

ಮತ್ತಿಗಿರಿ
12-11-2007, ಸೋಮವಾರ

ಪ್ರೀತಿಯ ದೊಡ್ಡಪ್ಪನಿಗೆ, ಉಷಾರಾಣಿ ಕೈ ಮುಗಿದು, ಆದರೆ ತಲೆ ತಗ್ಗಿಸದೆ ಬರೆಯುವ ಕಾಗದ.

ಹೋದ ವರ್ಷ ಕಾರ್ತಿಕದ ಪೂಜೆಯ ದಿನ, ನಮ್ಮ ದೇವತೆಗಳಾದ ಏಳು ಅಕ್ಕಯ್ಯಗಳ ಕಲ್ಲಿನ ಮುಂದೆ, ನಮ್ಮವರೆಲ್ಲ ನೋಡುತ್ತಿರುವಾಗ ನೀವು ನನ್ನ ಅಮ್ಮನ ಕೈಯಿಂದ ಹೂವಿನ ಬುಟ್ಟಿ ಕಿತ್ತುಕೊಂಡಿರಿ. ಅದು ತಪ್ಪು. ನೀವು ಅಪ್ಪನ ಅಣ್ಣ, ಮನೆಗೆ ಹಿರಿಯರು, ಆದರೂ ತಪ್ಪು ತಪ್ಪೇ. ಅಪ್ಪ ತೀರಿಕೊಂಡು ಆಗ ಆರು ತಿಂಗಳು. ಗಂಡ ಇಲ್ದೋಳು ಈ ಹೂವ ಮುಟ್ಟಬಾರ್ದು ಭಾಗ್ಯಮ್ಮ, ಇತ್ಲಾಗ್ ಕೊಡು ಅಂದಿರಿ. ಸೊಸೆಯಾಗಿ ಬಂದ ವರ್ಷದಿಂದ ಆ ಬುಟ್ಟಿ ತುಂಬಿಸಿದ ಕೈ ಅದು. ಅಮ್ಮ ಕೊಟ್ಟುಬಿಟ್ಟಳು. ಅವಳು ಎರಡು ದಿನ ಅಲೆದು ತಂದಿದ್ದ ಕಾಡು ಹೂಗಳನ್ನು ನೀವು ಬೇಲಿಯಾಚೆ ಸುರಿದಿರಿ. ನೀವು ಮೇಸ್ತ್ರಿಯಾಗಿರುವ ತೋಟದಿಂದ ಪೇಪರಿನಲ್ಲಿ ಸುತ್ತಿ ತಂದಿದ್ದ ಗುಲಾಬಿಗಳನ್ನು ಕಲ್ಲಿನ ಮುಂದೆ ಇಟ್ಟಿರಿ. ಬೇಗ ಅರಳದಿರಲಿ ಎಂದು ಮೊಗ್ಗಿಗೆ ತೊಡಿಸುವ ಬಲೆ ಒಂದು ಗುಲಾಬಿಯ ಮೇಲೆ ಹಾಗೇ ಇತ್ತು. ಯಾರೂ ಅದನ್ನು ತೆಗೆಯಲಿಲ್ಲ.

ಅಕ್ಕಯ್ಯಗಳಿಗೆ ಯಾರೂ ನೆಡದ, ಯಾರೂ ನೀರು ಹಾಕದ ಏಳು ಬಗೆಯ ಹೂವೇ ಆಗಬೇಕು ಎಂದು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರು ನೀವು. ಹಾಗಾದರೆ ಕೇಳುತ್ತೇನೆ. ದಿಕ್ಕಿಲ್ಲದೆ ಬೆಳೆದ ಹೂವು ಆಗುತ್ತದೆ, ಗಂಡನಿಲ್ಲದ ಹೆಂಗಸು ಯಾಕೆ ಆಗುವುದಿಲ್ಲ? ಪೊಲೀಸರ ಹಾಗೆ ಬಾಗಿಲಲ್ಲಿ ನಿಂತು ತಡೆಯಲು ನಿಮಗೆ ಯಾರು ಅಧಿಕಾರ ಕೊಟ್ಟರು?

ನೀವು ನಗುತ್ತೀರಿ, ಗೊತ್ತು. ಮೊನ್ನೆ ದೀಪಾವಳಿಗೆ ಬಂದಾಗಲೂ ಕೆಣಕಿದಿರಲ್ಲ, ದ್ಯಾವ್ರಿಲ್ಲ ಅಂಬೋಳ್ಗೆ ದ್ಯಾವ್ರ ಬುಟ್ಟಿ ಯಾಕವ್ವಾ, ಈ ವರ್ಷಾನೂ ನಾನೇ ಗುಲಾಬಿ ತತ್ತೀನಿ, ನೀನು ನಿನ್ನ ಪುಸ್ತಕ ಓದ್ಕೊಂಡಿರು ಅಂತ. ಹೌದು, ಕೃಷ್ಣಗಿರಿ ಬಸ್ ಸ್ಟ್ಯಾಂಡಿನ ಎದುರು ಎರಡು ರೂಪಾಯಿಗೆ ಸಿಗುವ, ದೇವರಿಲ್ಲ ಎನ್ನುವ ತಮಿಳು ಕಿರುಹೊತ್ತಿಗೆಗಳೇ ನನ್ನ ಕಾಲೇಜು. ಕಲ್ಲಿಗೆ ಕಿವಿಯಿಲ್ಲ ಎಂದು ಈಗಲೂ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಆವತ್ತು ಉತ್ತರ ಕೊಡಲಿಲ್ಲ. ಊಟದ ಎಲೆಯ ಮುಂದೆ ಜಗಳ ಬೇಡ ಎಂದು ಅಮ್ಮ ಕಣ್ಣಲ್ಲೇ ಬೇಡಿದಳು. ಈಗ ಕೊಡುತ್ತೇನೆ.

ಹೋದ ತಿಂಗಳು ಒಂದು ಬೆಳಗ್ಗೆ ನಾನು ಫ್ಯಾಕ್ಟರಿ ಬಸ್ಸಿಗೆ ಹೊರಟಿದ್ದೆ, ಅಮ್ಮ ಹಾಲು ತರಲು ಬಂದಿದ್ದಳು. ರಸ್ತೆ ಪಕ್ಕದ ಮೋರಿಯ ಹತ್ತಿರ ತಂಗಡಿ ಗಿಡ ಮೈತುಂಬ ಹಳದಿ ಬಿಟ್ಟಿತ್ತು. ಅಮ್ಮನ ಕೈ ತಾನಾಗೇ ಆ ಕಡೆ ಹೋಯಿತು. ಹೋದದ್ದೇ, ಕಾದ ಹೆಂಚು ತಾಕಿದ ಹಾಗೆ ಹಿಂದಕ್ಕೆ ಬಂತು. ಆಮೇಲೆ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಯಾವ ಪುಸ್ತಕದಲ್ಲೂ ಆ ಕೈಯ ಬಗ್ಗೆ ಬರೆದಿರಲಿಲ್ಲ.

ಮುಂದಿನ ಭಾನುವಾರ ಅವಳನ್ನು ಎಳೆದುಕೊಂಡೇ ಡೆಂಕಣಿಕೋಟೆ ಬಸ್ಸು ಹತ್ತಿಸಿದೆ. ಬುಡವ್ವ, ಹೂವು ಅಲ್ಲೇ ಅರಳಿ ಅಲ್ಲೇ ಉದುರ್ಲಿ, ನಂಗ್ಯಾಕೆ ಎಂದು ದಾರಿಯುದ್ದಕ್ಕೂ ಗೊಣಗಿದಳು. ಕೀಳುವುದು ಬೇಡ, ಎಲ್ಲೆಲ್ಲಿವೆ ಎಂದು ನೋಡಿಕೊಂಡು ಬರೋಣ ಎಂದೆ. ಕಾಡಿನ ಬಾಯಲ್ಲಿ ನಿಂತು ಗಾಳಿ ಮೂಸಿದಳು. ಆನೆ ಇಲ್ಲ, ನಡಿ ಎಂದಳು. ಆಮೇಲೆ ಅವಳೇ ಮುಂದೆ, ನಾನು ಹಿಂದೆ.

ತುಂಬೆ, ಎಕ್ಕ, ತಂಗಡಿ ನನಗೂ ಗೊತ್ತಿದ್ದವು. ರಾಗಿ ಹೊಲ ಮುಗಿದು ಕಾಡು ಶುರುವಾಗುವಲ್ಲಿ ಅಣ್ಣೆ ಹೂ. ಉಗುರಿನಷ್ಟು ನೀಲಿಯ ವಿಷ್ಣುಕ್ರಾಂತಿ ನೋಡಬೇಕಾದರೆ ನೆಲಕ್ಕೆ ಮೊಣಕಾಲೂರಬೇಕು. ಯಾರ ಮುಂದೆಯೂ ಬಗ್ಗುವುದಿಲ್ಲ ಎಂದು ಡೈರಿಯಲ್ಲಿ ಬರೆದುಕೊಂಡವಳು ನಾನು, ಅದರ ಮುಂದೆ ಬಗ್ಗಿದೆ. ಒಮ್ಮೆ ಯಾವುದೋ ದೊಡ್ಡ ಹಳದಿ ಹೂ ಕಂಡು, ಸಿಕ್ಕಿತು ಸಿಕ್ಕಿತು ಎಂದು ಕಿತ್ತೇಬಿಟ್ಟೆ. ಅಮ್ಮ ತಿರುಗಿ ನೋಡಿ, ಅಯ್ಯೋ ಕಳ್ಳಿ, ಅದು ಫಾರೆಸ್ಟ್ ಗಾರ್ಡ್ ಹೆಂಡ್ತಿ ಪಾತಿ ಮಾಡಿ ನೆಟ್ಟಿರೋದು ಕಣೇ, ಓಡು ಎಂದಳು. ಇಬ್ಬರೂ ಓಡಿದೆವು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ದೊಡ್ಡಪ್ಪ. ಅಪ್ಪ ಹೋದ ಮೇಲೆ ಆ ನಗು ನಾನು ಕೇಳಿಯೇ ಇರಲಿಲ್ಲ.

ಕಾಡುಬಳ್ಳಿಯ ಒಂದು ಬಿಳಿ ಹೂವೂ ಸೇರಿ ಆರು ಸಿಕ್ಕವು. ಏಳನೆಯದು ಗೌರಿ ಹೂ, ಬೆಂಕಿಯ ನಾಲಿಗೆಯಂತಹ ದಳಗಳದ್ದು. ಮೂರು ಭಾನುವಾರ ಹುಡುಕಿದೆವು. ನನ್ನ ತಲೆಯೊಳಗೆ ಯಾವಾಗಲೂ ಒಂದು ಭಾಷಣ ನಡೆಯುತ್ತಿರುತ್ತದೆ; ನಿಮಗೆ, ಸೂಪರ್‌ವೈಸರಿಗೆ, ಸರ್ಕಾರಕ್ಕೆ ಉತ್ತರ ಕೊಡುತ್ತಲೇ ಇರುತ್ತೇನೆ. ನಾಲ್ಕನೆಯ ಭಾನುವಾರ, ಅಂದರೆ ನಿನ್ನೆ, ಒಂದು ಬಂಡೆಯ ಮೇಲೆ ಸುಸ್ತಾಗಿ ಕೂತಾಗ ಆ ಭಾಷಣ ನಿಂತಿರುವುದು ಗೊತ್ತಾಯಿತು. ಯಾವಾಗ ನಿಂತಿತೋ ತಿಳಿಯದು. ಜೀರುಂಡೆಯ ಸದ್ದು, ಅಮ್ಮನ ಉಸಿರು, ಅಷ್ಟೇ. ಏನೂ ಬೇಕೆನಿಸಲಿಲ್ಲ. ಎದ್ದಾಗ ಬಂಡೆಯ ಹಿಂದಿನ ಮುಳ್ಳುಪೊದೆಯೊಳಗೆ ಗೌರಿ ಹೂ ಇತ್ತು, ಒಂದೇ ಒಂದು.

ಅಕ್ಕಯ್ಯಗಳೇ ತೋರಿಸಿದರು ಎಂದು ಅಮ್ಮ ಕೈ ಮುಗಿದಳು. ನಾನು ಮುಗಿಯಲಿಲ್ಲ. ಆದರೆ ಎದುರಾಡಲೂ ಇಲ್ಲ. ಯಾರೂ ನೆಡದೆ, ಯಾರ ಅಪ್ಪಣೆಯನ್ನೂ ಕೇಳದೆ ಅರಳುವುದೊಂದು ಇದೆ, ತಾಳ್ಮೆಯಿಂದ ಹೋದವರಿಗೆ ಅದು ಕಾಣುತ್ತದೆ. ಇಷ್ಟನ್ನು ನಂಬುತ್ತೇನೆ. ಇದಕ್ಕೆ ಭಕ್ತಿ ಎಂದು ಹೆಸರಿಡುವುದಾದರೆ ಇಡಿ, ನನಗೆ ನಾಚಿಕೆಯಿಲ್ಲ. ಈ ನಂಬಿಕೆಯನ್ನು ನನಗೆ ಕೊಟ್ಟವಳು ಅಮ್ಮ. ಅವಳ ಬುಟ್ಟಿ ಅವಳಿಗೆ ಬೇಕು.

ಆದ್ದರಿಂದ ಈ ಭಾನುವಾರದ ಪೂಜೆಗೆ ಬುಟ್ಟಿ ಹಿಡಿದು ಬರುವವಳು ಭಾಗ್ಯಮ್ಮ. ಕಲ್ಲಿನ ಮುಂದೆ ಹೂವಿಡುವವಳೂ ಅವಳೇ. ನೀವು ಅಡ್ಡ ನಿಂತರೆ ನಾನು ನಿಮಗೆ ಅಡ್ಡ ನಿಲ್ಲುತ್ತೇನೆ. ನನ್ನ ಸ್ಕೂಲಿನಲ್ಲಿ ಇದ್ದದ್ದು ತಮಿಳು. ಜಗಲಿಯ ಮೇಲೆ ಸೀಮೆಸುಣ್ಣ ಹಿಡಿಸಿ, ನಮ್ಮ ಮಾತು ಮರೀಬೇಡ ಕಣವ್ವ ಎಂದು ಈ ಅಕ್ಷರಗಳನ್ನು ಕಲಿಸಿದವರು ನೀವು. ಅದೇ ಅಕ್ಷರಗಳಲ್ಲಿ ನಿಮ್ಮೊಡನೆ ಜಗಳವಾಡುತ್ತಿದ್ದೇನೆ. ನಿಮ್ಮ ಪಾಠ ವ್ಯರ್ಥವಾಗಲಿಲ್ಲ ಎಂದು ತಿಳಿಯಿರಿ. ದೊಡ್ಡಮ್ಮನಿಗೆ ನಮಸ್ಕಾರ.

ನೀವು ಎತ್ತಿ ಆಡಿಸಿದ,
ಈಗ ನಿಮಗೆದುರು ನಿಂತಿರುವ
ಉಷಾರಾಣಿ

ಮ.ವಿ.: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ; ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಆವತ್ತು ಅಮ್ಮ ಖಾಲಿ ಬುಟ್ಟಿ ಹಿಡಿದು ಮನೆಗೆ ಬಂದು ಅಳುತ್ತಾ ಕೂತಾಗ, ಒಳ್ಳೆಯದೇ ಆಯಿತು, ಕಲ್ಲಿಗೆ ಹೂ ಹೊರುವುದು ತಪ್ಪಿತು ಎಂದವಳು ನಾನು. ಆ ಬುಟ್ಟಿಗೆ ನನ್ನ ಕಿರುಹೊತ್ತಿಗೆಗಳನ್ನು ತುಂಬಿ ಅಟ್ಟಕ್ಕೆ ಏರಿಸಿದವಳೂ ನಾನೇ. ನೀವು ಒಂದು ಸಲ ಕಿತ್ತುಕೊಂಡಿರಿ, ನಾನು ವರ್ಷವಿಡೀ. ನಿನ್ನೆ ಕಾಡಿನಿಂದ ಬಂದು ಬುಟ್ಟಿ ಇಳಿಸಿ, ತೊಳೆದು, ಬಿಸಿಲಿಗಿಟ್ಟು, ಅವಳ ಮುಂದೆ ತಪ್ಪೊಪ್ಪಿಕೊಂಡೆ. ಬುಟ್ಟಿಯ ಅಂಚಿನ ಬಿದಿರು ಸಡಿಲವಾಗಿತ್ತು, ಅಮ್ಮ ಅದನ್ನು ಸಿಕ್ಕಿಸಿ, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಹಿಡ್ಕೋ ಎಂದಳು. ನಿಮಗೂ ಹಾಗೇ ಹೇಳಬಹುದು. ಗೌರಿ ಹೂವನ್ನು ಇನ್ನೂ ಕಿತ್ತಿಲ್ಲ. ಮುಳ್ಳುಪೊದೆ ಬಗ್ಗಿಸಿ ಹಿಡಿಯಲು ಇನ್ನೊಂದು ಕೈ ಬೇಕು. ಗುಲಾಬಿ ತರಬೇಡಿ. ಭಾನುವಾರ, ಹದಿನೆಂಟನೇ ತಾರೀಕು, ಬೆಳಗ್ಗೆ ಆರು ಗಂಟೆಗೆ, ಕಾಡಿನ ದಾರಿ ಶುರುವಾಗುವಲ್ಲಿ, ಹುಣಸೆ ಮರದ ಕೆಳಗೆ.