ಜೈಲಿನ ಪುಸ್ತಕದಲ್ಲಿ ನಿನ್ನ ಹೆಸರು

ಅಮ್ಮಾ,

ಬೆಳಿಗ್ಗೆಯಿಂದ ಕೂತಲ್ಲಿ ಕೂರೋಕಾಗ್ತಿಲ್ಲ. ಹೋರಾಟಗಾರರ ಸನ್ಮಾನಕ್ಕೆ ದಾಖಲೆ ಬೇಕು ಅಂದರು ಅಂತ ಹಳೇ ಜೈಲಿಗೆ ಹೋಗಿದ್ದೆ. ಗುಮಾಸ್ತ ಪುಸ್ತಕದ ಧೂಳು ಕೊಡವಿ, "ನಿಮ್ಮ ಹೆಸರೇ ಇಲ್ಲವಲ್ಲ ಅಜ್ಜಿ" ಅಂದ. ಹೇಗಿರುತ್ತೆ? ಬಾವುಟ ಹಾರಿಸಿ ಸಿಕ್ಕಿಬಿದ್ದಾಗ, ಪೊಲೀಸರು ನಮ್ಮ ಮನೆಗೆ ನುಗ್ಗದಿರಲಿ ಅಂತ ಸುಳ್ಳು ಹೆಸರು ಹೇಳಿದ್ದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ನಿನ್ನ ಹೆಸರು.

ಅದನ್ನು ಹುಡುಕುವಾಗ, ಭೇಟಿಗೆ ಬಂದವರ ಪಟ್ಟಿಯಲ್ಲೂ ನೀನೇ ಇದ್ದೆ. ಒಂಬತ್ತು ಸಲ ಬಂದು ನನ್ನ ಹೆಸರು ಹೇಳಿ ಕೇಳಿದ್ದೀಯ. ಒಂಬತ್ತು ಸಲವೂ "ಅಂಥ ಕೈದಿ ಇಲ್ಲಿಲ್ಲ" ಅಂತ ಬರೆದು ವಾಪಸ್ ಕಳಿಸಿದ್ದಾರೆ.

ನಾನೋ, ಹೆತ್ತವಳು ಒಮ್ಮೆಯೂ ಇಣುಕಲಿಲ್ಲ ಅಂತ ಹಲ್ಲು ಕಚ್ಚಿಕೊಂಡು, ಬಿಡುಗಡೆಯಾದ ಮೇಲೆ ಮನೆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ನಿನ್ನ ಮಣ್ಣಿಗೂ ಬರಲಿಲ್ಲ.

ಇನ್ನೊಂದು ಸಲ ಬಾರೇ. ನಿನ್ನ ಹೆಸರನ್ನೇ ಹೇಳಿ ಕೇಳು. ನಾನು ಒಳಗೇ ಇದ್ದೀನಿ.