ಹರಿಹರದ ಕಲ್ಲಿನ ಕೊನೆಯ ಸಾಲು

ದಾವಣಗೆರೆ, ೧೨ ನವೆಂಬರ್ ೧೯೬೧, ಭಾನುವಾರ

ನನ್ನ ಲೇಖನದಲ್ಲಿ ಹರಿಹರದ ಆ ಶಾಸನದ ಫೋಟೋ ಯಾಕಿಲ್ಲ ಎಂದು ಓದುಗರೊಬ್ಬರು ಕಾಗದ ಬರೆದಿದ್ದರು. ಬರೆಯದಿದ್ದರೆ ನಾನು ಇವತ್ತು ಹರಿಹರಕ್ಕೆ ಹೋಗುತ್ತಲೇ ಇರಲಿಲ್ಲ. ಕಲ್ಲನ್ನೇ ನೋಡದೆ ಅದರ ಮೇಲೆ ಹನ್ನೆರಡು ಪುಟ ಅಚ್ಚು ಹಾಕಿಸಿದವನು ನಾನು.

ಲೇಖನ ಹರಿಹರದ ಶಾಲೆಯ ಪಂಚಾಕ್ಷರಪ್ಪ ಮೇಷ್ಟ್ರದು. ನಮ್ಮ ತ್ರೈಮಾಸಿಕಕ್ಕೆ ಕಳಿಸಿದ್ದರು. ಸಂಪಾದಕನಾದ ನಾನು ‘ಪ್ರಕಟಣೆಗೆ ಯೋಗ್ಯವಲ್ಲ’ ಎಂದು ಹಿಂದಿರುಗಿಸಿದೆ, ನಕಲು ಮಾಡಿಟ್ಟುಕೊಂಡು. ಅವರು ತೀರಿಕೊಂಡ ಮೇಲೆ ನನ್ನ ಹೆಸರಿನಲ್ಲಿ ಹಾಕಿಕೊಂಡೆ. ಒಂದಕ್ಷರವನ್ನೂ ಬದಲಿಸಲಿಲ್ಲ.

ಕಲ್ಲು ಹೊಳೆದಂಡೆಯ ಮುಳ್ಳುಕಂಟಿಯೊಳಗೆ ಇತ್ತು. ಅಕ್ಷರ ಎದ್ದು ಕಾಣಲೆಂದು ಯಾರೋ ಸೀಮೆಸುಣ್ಣ ತಿಕ್ಕಿದ್ದರು, ಕೊನೆಯ ಸಾಲಿಗೆ ಮಾತ್ರ. ಅದು ಶಾಪದ ಸಾಲು: ಒಬ್ಬರು ಕೊಟ್ಟದ್ದನ್ನು ಕಸಿದುಕೊಂಡವನು ಹುಳುವಾಗಿ ಹುಟ್ಟುತ್ತಾನೆ. ಬೆಳಗ್ಗೆ ಮಳೆ ಬಂದಿತ್ತು, ಸುಣ್ಣ ಕರಗಿರಲಿಲ್ಲ.

ಸುಣ್ಣ ತಿಕ್ಕಿದವರು ಯಾರೆಂದು ಬಟ್ಟೆ ಒಗೆಯುತ್ತಿದ್ದ ಮುದುಕಿಯನ್ನು ಕೇಳಿದೆ.

“ಸಾಲಿ ಮೇಷ್ಟ್ರು ರೀ. ಈಗ ತಾನೆ ಎದ್ದು ಹೋದ್ರು. ಒಬ್ರು ಬರೋರು ಅದಾರೆ ಅಂತಿದ್ರು. ನೀವೇ ಏನ್ರಿ?”

ನಾನಲ್ಲ ಎಂದೆ. ಅದೂ ಸುಳ್ಳೇ.

ಬೇರೆ ಯಾರೋ ಮೇಷ್ಟ್ರು ಇರಬಹುದು. ಹರಿಹರದಲ್ಲಿ ಮೇಷ್ಟ್ರುಗಳಿಗೆ ಬರವೇ? ಹಾಗಂದುಕೊಂಡೇ ರೈಲು ಹತ್ತಿದೆ. ಕ್ಯಾಮೆರಾವನ್ನು ಚೀಲದಿಂದ ತೆಗೆಯಲೇ ಇಲ್ಲ.

ಈಗ ಮುಂದಿನ ಸಂಚಿಕೆಗೆಂದು ‘ಆ ಲೇಖನ ನನ್ನದಲ್ಲ’ ಎಂದು ಒಂದು ಸಾಲು ಬರೆದೆ, ಹೊಡೆದು ಹಾಕಿದೆ. ಹೊಡೆದ ಗೆರೆಯ ಮೇಲೆ ಬಿಳಿ ಪುಡಿ ಉದುರಿದೆ. ಬೆರಳ ತುದಿಯಲ್ಲೂ ಇದೆ. ಎರಡು ಸಲ ತೊಳೆದು ಬಂದೆ, ಹೋಗುತ್ತಿಲ್ಲ.

ಕಲ್ಲನ್ನು ನಾನು ಮುಟ್ಟಲೇ ಇಲ್ಲ.