ಕೆಂಪು ಗುರುತು ಬಿದ್ದ ಮಾತು

ಕೊಣ್ಣೂರ ತೋಟ,
೧೯ ಜನವರಿ ೨೦೨೫, ರವಿವಾರ

ಮಗಳೇ ರಾಯವ್ವಾ,

ನಿನಗೂ ಅಳಿಯ ವಿಠ್ಠಲನಿಗೂ ಈ ಅಪ್ಪನ ಆಶೀರ್ವಾದ. ಕಬ್ಬಿನ ಗರಿ ಗೀರಿ ಬಾತಿದ್ದ ನಿನ್ನ ಕೈ ವಾಸಿಯಾಯಿತೇ? ಕೊಲ್ಹಾಪುರದ ಕಡೆ ಥಂಡಿ ಜೋರಂತೆ. ಗುಡಿಸಲಲ್ಲಿ ಹೊದೆಯಲು ಸಾಲದಿದ್ದರೆ ಹೇಳಿ ಕಳಿಸು, ನಿನ್ನವ್ವ ಹೊಸ ಕೌದಿ ಹೊಲಿದಿಟ್ಟಿದ್ದಾಳೆ. ನನ್ನ ಮೊಳಕಾಲು ನೋವು ಇದ್ದದ್ದೇ. ಎಮ್ಮೆ ಹೆಣ್ಣುಗರು ಹಾಕಿದೆ.

ಮೊಮ್ಮಗಳು ಕಾಜಲಳ ಸಾಲಿಯ ಸುದ್ದಿ ಬರೆಯಬೇಕು. ನಿಮ್ಮ ಜೊತೆ ಕಬ್ಬು ಕಡಿಯುವ ಟೋಳಿಯಲ್ಲಿ ತಿರುಗಿ, ಮೂರನೇ ಇಯತ್ತೆಯವರೆಗೆ ಮರಾಠಿ ಸಾಲಿಯಲ್ಲಿ ಕಲಿತ ಕೂಸು. ನೀವು ನಮ್ಮಲ್ಲಿ ಬಿಟ್ಟುಹೋದ ಹೊಸದರಲ್ಲಿ ಮರಾಠಿ, ಕನ್ನಡ ಎರಡನ್ನೂ ಕಲಸಿ ಹೊತ್ತು ಮುಳುಗುವವರೆಗೆ ಹರಟುತ್ತಿದ್ದಳು, ಎಮ್ಮೆಗೂ ಬಿಡುವು ಕೊಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಸಾಲಿಗೆ ಯಾರೋ ದಾನಿಗಳು ಟ್ಯಾಬ್ ಕೊಟ್ಟರು. ನಾನೂ ಖುಷಿಪಟ್ಟೆ. ಒಂದು ದಿನ ರೊಟ್ಟಿ ಗಂಟು ಕೊಡಲು ಹೋದಾಗ ಕಂಡದ್ದು ಬೇರೆ. ಕನ್ನಡ ಸರಾಗವಾಗಿ ಓದುವ ಮಕ್ಕಳು ಹೊಳೆಯ ಚಿತ್ರ ತೆಗೆದು, ತಾವೇ ಕಥೆ ಕಟ್ಟಿ, ಗೋಡೆಯ ಮೇಲೆ ಸಿನೆಮಾದಂತೆ ತೋರಿಸುತ್ತಿದ್ದರು. ಬಾಳೇಶ ಗುರುಗಳು ಅವರ ನಡುವೆ ನಿಂತು ನಗುತ್ತಿದ್ದರು. ಕಾಜಲ್ ಮತ್ತು ಇಟ್ಟಂಗಿ ಭಟ್ಟಿಯವರ ಮಕ್ಕಳಿಬ್ಬರು ಬಾಜೂ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಗೋಡೆಗೆ ಮುಖ ಮಾಡಿ ಕೂತಿದ್ದರು. ಟ್ಯಾಬಿನಲ್ಲಿ ಚಿತ್ರ ಬರುತ್ತದೆ, ಅದರ ಹೆಸರು ಹೇಳಬೇಕು. ಸರಿಯಾದರೆ ಆಕಾಶದಲ್ಲಿರುವಂಥ ಚಿಕ್ಕಿ ಮಿನುಗುತ್ತದೆ, ತಪ್ಪಾದರೆ ಕೆಂಪು ಗುರುತು. ಇವಳು ಮರಾಠಿಯಲ್ಲಿ ‘ಘರ್’ ಎಂದಳು, ಕೆಂಪು ಬಿತ್ತು. ‘ಮನಿ’ ಎಂದಳು, ಮತ್ತೆ ಕೆಂಪು. ಅದಕ್ಕೆ ‘ಮನೆ’ಯೇ ಬೇಕಂತೆ. ನಮ್ಮೂರಲ್ಲಿ ಯಾರು ಹಾಗೆ ಅನ್ನುತ್ತಾರೆ, ರಾಯವ್ವಾ?

ಗುರುಗಳು ಕೆಟ್ಟವರಲ್ಲ, ನಾಲ್ಕು ವರ್ಗ ಅವರೊಬ್ಬರ ತಲೆಯ ಮೇಲಿವೆ. “ಇಕಿನ್ನೂ ಆ ಹುಡುಗೂರ ಜೋಡಿ ಕೂಡಸ್ರಿ” ಎಂದೆ. “ಅಜ್ಜಾರ, ಮೊದಲನೇ ಲೆವಲ್ ಮುಗಸ್ಲಿ, ಕೂಡಸ್ತೀನ್ರಿ” ಎಂದರು. ಆ ಲೆವಲ್ ಮುಗಿಯಲೇ ಇಲ್ಲ. ಕೆಂಪು ಬಿದ್ದಷ್ಟೂ ಅದು ಅವಳನ್ನು ಮೊದಲ ಚಿತ್ರಕ್ಕೇ ಒಯ್ಯುತ್ತಿತ್ತು. ಬರಬರುತ್ತ ಮನೆಯಲ್ಲೂ ಮಾತು ಕಡಿಮೆಯಾಯಿತು. ನೀರು ಬೇಕಾದರೆ ಕೊಡದ ಕಡೆ ಬೆರಳು ತೋರಿಸುವಳು. ದೊಡ್ಡವಳಾಗುತ್ತಿದ್ದಾಳೆ ಎಂದು ನಿನ್ನವ್ವ ಸಮಾಧಾನ ಮಾಡಿಕೊಂಡಳು.

ಮೊನ್ನೆ ಗುರುವಾರ ಸಾಲಿ ಬಿಟ್ಟರೂ ಬರಲಿಲ್ಲ. ಕಾಲುವೆಗುಂಟ ಕೂಗುತ್ತ ಹೋದೆವು. ನಿನ್ನವ್ವ ಬಾವಿಗೆ ಬಗ್ಗಿ ನೋಡಿದಳು. ಆ ಹೊತ್ತು ಯಾರಿಗೂ ಬರಬಾರದು. ಕೊನೆಗೆ ಸಾಲಿಗೆ ಹೋದೆ, ಎಲ್ಲ ಕೋಣೆಗೂ ಬೀಗ. ಗುರುಗಳು ಮೀಟಿಂಗಿಗೆಂದು ಮಧ್ಯಾಹ್ನವೇ ಮೂಡಲಗಿಗೆ ಹೋಗಿದ್ದರು. ಭಟ್ಟಿಯ ಮಕ್ಕಳಿಬ್ಬರೂ ಆ ದಿನ ಬಂದಿರಲಿಲ್ಲ, ಬೀಗ ಹಾಕಿದ ದೊಡ್ಡ ಹುಡುಗರು ಒಳಗೆ ನೋಡಿರಲಿಲ್ಲ. “ಕಾಜಲ್, ಕಾಜಲ್” ಎಂದು ಗಂಟಲು ಹರಿಯುವಂತೆ ಕೂಗಿದೆ. ತಿರುಗಿ ಹೊರಟವನಿಗೆ ಏನನ್ನಿಸಿತೋ, ಕಿಟಕಿಯ ಸಂದಿಯಿಂದ ಇಣುಕಿದೆ. ಒಳಗೇ ಕೂತಿದ್ದಳು! ಹೆಡ್‌ಫೋನಿನೊಳಗೆ ಸಾಲಿ ಬಿಟ್ಟ ಗಂಟೆ ಕೇಳಿರಲಿಲ್ಲ. ಈಗ ಟ್ಯಾಬ್ ಆರಿತ್ತು, ಹೆಡ್‌ಫೋನ್ ತೊಡೆಯ ಮೇಲಿತ್ತು. ನನ್ನ ಕೂಗು ಕೇಳುತ್ತಲೇ ಇದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ತುಟಿ ಮಾತ್ರ ಬಿಗಿದಿತ್ತು.

ಟ್ರ್ಯಾಕ್ಟರ್ ಓಡಿಸುವ ನೆರೆಮನೆಯ ಮಾಳಪ್ಪ ಬಂದು ಬೀಗ ಒಡೆದ. ಅವಳನ್ನು ಎತ್ತಿಕೊಂಡು, “ಯಾಕವ್ವಾ, ಒಂದ್ ಸಲ ಓ ಅನ್ನಬಾರದಾಗಿತ್ತೇನ?” ಎಂದೆ. ನನ್ನ ಕಿವಿಗೆ ಬಾಯಿ ಹಚ್ಚಿ, “ಬೋಲಲಂ ಕೀ ಚುಕತಂ” ಎಂದಳು. ಮಾತಾಡಿದರೆ ತಪ್ಪಾಗುತ್ತದೆ, ಎಂದು.

ಮರುದಿನ ಗುರುಗಳು ಮನೆಗೆ ಬಂದು ನನ್ನ ಕೈ ಹಿಡಿದು ಅತ್ತರು. ನಾನು ಅವಳನ್ನು ಕಳಿಸುತ್ತಿಲ್ಲ. ಆ ಕೋಣೆಗೆ ಹೊಸ ಬೀಗ ಬಂದಿದೆ. ಭಟ್ಟಿಯ ಮಕ್ಕಳು ಇನ್ನೂ ಅಲ್ಲೇ ಕೂರುತ್ತಾರೆ.

ಹುಷಾರಾಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ. ನಿನ್ನವ್ವ ಸೀತವ್ವ ನಿಮ್ಮಿಬ್ಬರನ್ನೂ ನೆನೆಯುತ್ತಿದ್ದಾಳೆ.

ನಿನ್ನ ಅಪ್ಪ,
ಮಾಲಿಂಗಪ್ಪ

ತಾ.ಕ.: ಮಾಳಪ್ಪ ನಿಮ್ಮ ಕಡೆಯೇ ಹೊರಟು ನಿಂತಿದ್ದಾನೆ, ಅವಸರದಲ್ಲಿ ಗೀಚುತ್ತಿದ್ದೇನೆ. ನಿನ್ನೆ ನೀನು ಫೋನ್ ಮಾಡಿದಾಗ ಕಾಜಲ್ ಮಲಗಿದ್ದಾಳೆ ಎಂದೆನಲ್ಲ, ಮಲಗಿರಲಿಲ್ಲ. ನನ್ನ ಮಗ್ಗುಲಲ್ಲೇ ಕೂತು ನಿನ್ನ ದನಿ ಕೇಳುತ್ತಿದ್ದಳು. ಅವಳೆದುರು ಹೇಳಲು ಬಾಯಿ ಬರಲಿಲ್ಲ. ಗುರುವಾರ ಆಡಿದ ಆ ಮಾತೇ ಕೊನೆ. ಇಂದು ಮುಂಜಾನೆ ಒಲೆಯ ಕೆಂಡ ಅವಳ ಪಾದದ ಮೇಲೆ ಬಿತ್ತು. ಚೀರಲಿಲ್ಲ ರಾಯವ್ವಾ, ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಳು. ಕಬ್ಬು ಇದ್ದಲ್ಲೇ ಇರಲಿ, ಮಾಳಪ್ಪನ ಇದೇ ಗಾಡಿ ಹತ್ತಿ ಬಾ.